ವೈರಸ್ ಬರುವ ಮುನ್ನವೇ ಲಸಿಕೆ: ಚರ್ಮಗಂಟು ರೋಗ ತೋರಿಸಿದ ದಾರಿ

ಚಿಕ್ಕೋಡಿ: 2022ರಲ್ಲಿ ಬೆಳಗಾವಿ ಜಿಲ್ಲೆಯ ಕೊಟ್ಟಿಗೆಗಳನ್ನು ಹೊಕ್ಕ ಚರ್ಮಗಂಟು ರೋಗವನ್ನು ಗಡಿಭಾಗದ ರೈತರು ಇನ್ನೂ ಮರೆತಿಲ್ಲ. ದನಗಳ ಮೈತುಂಬ ಗಂಟುಗಳೆದ್ದವು, ಜ್ವರ ಏರಿತು, ಹಾಲು ಬತ್ತಿತು. ಜಾನುವಾರು ಸಂತೆ, ಜಾತ್ರೆಗಳಿಗೆ ನಿರ್ಬಂಧ ಬಿದ್ದಿತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕಬ್ಬಿನ ಬಿಲ್ಲು ಕೈಸೇರುವವರೆಗೆ ಮನೆ ನಡೆಸುವುದು ಹಾಲಿನ ದುಡ್ಡೇ ಆದ್ದರಿಂದ, ಒಂದು ಆಕಳು ಮಲಗಿತೆಂದರೆ ಆ ತಿಂಗಳ ಲೆಕ್ಕವೇ ತಪ್ಪುತ್ತದೆ.

ಆಗ ದನಗಳಿಗೆ ಹಾಕಿದ್ದು ಈ ರೋಗದ ಲಸಿಕೆಯಲ್ಲ, ಮೇಕೆ ಸಿಡುಬಿನ ಲಸಿಕೆ ಎಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಕುರಿ ಸಿಡುಬು, ಮೇಕೆ ಸಿಡುಬು ಹಾಗೂ ಚರ್ಮಗಂಟು ರೋಗದ ವೈರಸ್‌ಗಳು ಒಂದೇ ಕುಲಕ್ಕೆ ಸೇರಿದವು. ಒಂದರ ಗುರುತು ಸಿಕ್ಕಿದ ದೇಹವು ಇನ್ನೊಂದನ್ನೂ ತಕ್ಕಮಟ್ಟಿಗೆ ತಡೆಯಬಲ್ಲದು. ರಕ್ಷಣೆ ಪೂರ್ಣವಲ್ಲ, ನಿಜ. ಆದರೆ ಅಂದು ಕೈಯಲ್ಲಿದ್ದ ಆಯುಧ ಅದೊಂದೇ.

ಭಾರತದಲ್ಲಿ ಈ ರೋಗ ಮೊದಲು ಕಾಣಿಸಿದ್ದು 2019ರಲ್ಲಿ, ಒಡಿಶಾದಲ್ಲಿ. ಹರಿಯಾಣದ ಹಿಸಾರದಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ಇಜ್ಜತನಗರದ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ನೆರವಿನೊಂದಿಗೆ ಸಿದ್ಧಪಡಿಸಿದ ಲಂಪಿ-ಪ್ರೋವ್ಯಾಕ್‌ಇಂಡ್ ಲಸಿಕೆ ಬಿಡುಗಡೆಯಾದದ್ದು 2022ರ ಆಗಸ್ಟ್‌ನಲ್ಲಿ. ನಮ್ಮದೇ ರಾಜ್ಯದ ಮಾಲೂರಿನ ಬಯೋವೆಟ್ ಸಂಸ್ಥೆಯ ಬಯೋಲಂಪಿವ್ಯಾಕ್ಸಿನ್‌ಗೆ ಪರವಾನಿಗೆ ದೊರೆತದ್ದು 2025ರಲ್ಲಿ. ವಿಜ್ಞಾನಿಗಳು ಸುಮ್ಮನಿರಲಿಲ್ಲ, ಆದರೂ ರೋಗವೇ ಮುಂದೆ ಓಡಿತು.

ಈ ಅಂತರವನ್ನು ಮುಚ್ಚುವ ಪ್ರಯತ್ನವೇ ಮುಂಗಡ ಲಸಿಕೆ. ಯಾವ ವೈರಸ್ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಆದರೆ ಅದು ಯಾವ ಕುಟುಂಬದಿಂದ ಬರಬಹುದೆಂಬುದನ್ನು ಊಹಿಸಬಹುದು. ಮನುಷ್ಯರನ್ನು ಕಾಡುವ ವೈರಸ್ ಕುಟುಂಬಗಳು ಎರಡು ಡಜನ್‌ಗಿಂತ ಬಹಳ ಹೆಚ್ಚಿಲ್ಲ. ಪ್ರತಿ ಕುಟುಂಬದಿಂದ ಒಂದೆರಡನ್ನು ಆರಿಸಿ, ಅದರ ಯಾವ ಭಾಗಕ್ಕೆ ದೇಹ ಚೆನ್ನಾಗಿ ಪ್ರತಿಕ್ರಿಯಿಸುತ್ತದೆ ಎಂದು ಮೊದಲೇ ಅರಿತಿಟ್ಟುಕೊಂಡರೆ, ಹೊಸದು ಬಂದಾಗ ಅಚ್ಚು ಬದಲಿಸಿದರೆ ಸಾಕು. ಕೋವಿಡ್‌ನಲ್ಲಿ ನಡೆದದ್ದು ಇದೇ. ವೈರಸ್‌ನ ವಂಶವಾಹಿ ವಿವರ ಪ್ರಕಟವಾದದ್ದು 2020ರ ಜನವರಿಯಲ್ಲಿ. ಮಾರ್ಚ್ 16ರಂದೇ ಅಮೆರಿಕದಲ್ಲಿ ಮೊದಲ ಪ್ರಾಯೋಗಿಕ ಚುಚ್ಚುಮದ್ದು ನೀಡಲಾಯಿತು. ಅದರ ಹಿಂದೆ ಸಾರ್ಸ್ ಹಾಗೂ ಮರ್ಸ್ ವೈರಸ್‌ಗಳ ಮೇಲೆ ನಡೆದ ವರ್ಷಗಟ್ಟಲೆ ಅಧ್ಯಯನವಿತ್ತು.

ಪ್ರತಿಕಾಯ ಚಿಕಿತ್ಸೆಯದು ಬೇರೆ ಬಗೆ. ಹುಚ್ಚುನಾಯಿ ಕಡಿದು ಆಳವಾದ ಗಾಯವಾದಾಗ ವೈದ್ಯರು ಲಸಿಕೆಯ ಜೊತೆಗೆ ಗಾಯದ ಸುತ್ತ ಇನ್ನೊಂದು ಚುಚ್ಚುಮದ್ದು ಕೊಡುವುದನ್ನು ಓದುಗರು ಕಂಡಿರಬಹುದು. ಅದು ಸಿದ್ಧ ಪ್ರತಿಕಾಯ. ಲಸಿಕೆ ದೇಹಕ್ಕೆ ಪಾಠ ಕಲಿಸಲು ದಿನಗಳು ಬೇಕು, ಪ್ರತಿಕಾಯ ಕೊಟ್ಟ ಗಳಿಗೆಯಿಂದಲೇ ಕೆಲಸ ಮಾಡುತ್ತದೆ. ಆದರೆ ಅದರ ರಕ್ಷಣೆ ಬಹುಕಾಲ ಉಳಿಯದು, ಬೆಲೆಯೂ ದುಬಾರಿ. 2018ರಲ್ಲಿ ಕೋಳಿಕ್ಕೋಡ್ ಭಾಗದಲ್ಲಿ ನಿಪಾ ಜೀವಗಳನ್ನು ಬಲಿ ಪಡೆದಾಗ ಆಸ್ಟ್ರೇಲಿಯಾದಿಂದ ತರಿಸಿದ ಪ್ರತಿಕಾಯವನ್ನು ಅಲ್ಲಿ ಬಳಸುತ್ತಿದ್ದುದು ಹೆಂಡ್ರಾ ಎಂಬ ಕುದುರೆ ರೋಗದ ವೈರಸ್‌ಗೆ. ಹೆಂಡ್ರಾ, ನಿಪಾ ಎರಡೂ ಒಂದೇ ಕುಲದವು. ಇಲ್ಲಿಯೂ ನೆಂಟಸ್ತಿಕೆಯೇ ನೆರವಿಗೆ ಬಂತು.

ಲಸಿಕೆ ಒಮ್ಮೆ ಇದ್ದರಾಯಿತೆಂದೂ ಅಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ದಶಕಗಳ ಕಾಲ ಲಸಿಕೆ ಇತ್ತು. ಅದರ ಶಕ್ತಿ ಕುಂದಿ 2022ರಲ್ಲಿ ಬಳಕೆ ನಿಂತಿತು. ಬದಲಿ ಸಿದ್ಧವಿರಲಿಲ್ಲ. 2024ರಲ್ಲಿ ಮಲೆನಾಡಿನಲ್ಲಿ ಮತ್ತೆ ಸಾವುಗಳಾದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿವೆ. ಹಳೆಯದು ಸೋಲುತ್ತಿದೆ ಎಂದು ತಿಳಿದಾಗಲೇ ಈ ಕೆಲಸ ಆರಂಭವಾಗಬೇಕಿತ್ತು ಎಂಬುದು ಈ ಲೇಖಕನ ಅಭಿಪ್ರಾಯ.

ಅಡ್ಡಿ ಹಣದ್ದು. ಇಲ್ಲದ ರೋಗದ ಲಸಿಕೆಗೆ ಗಿರಾಕಿಗಳಿರುವುದಿಲ್ಲ. ಹೀಗಾಗಿ ಸರಕಾರಗಳು ಹಾಗೂ 2017ರಲ್ಲಿ ಆರಂಭವಾದ ಸೆಪಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಖರ್ಚು ಹೊರಬೇಕಾಗಿದೆ. ಹೊಸ ವೈರಸ್ ಪತ್ತೆಯಾದ 100 ದಿನಗಳೊಳಗೆ ಲಸಿಕೆ ಸಿದ್ಧವಾಗಬೇಕೆಂಬುದು ಆ ಒಕ್ಕೂಟದ ಗುರಿ.

ನಮ್ಮ ಭಾಗಕ್ಕೆ ಈ ಲೆಕ್ಕ ದೂರದ್ದಲ್ಲ. ಕಬ್ಬಿನ ಹಂಗಾಮು ಬಂತೆಂದರೆ ಮಹಾರಾಷ್ಟ್ರದ ಕಡೆಯಿಂದ ಕಟಾವಿನ ಗ್ಯಾಂಗ್‌ಗಳು ಎತ್ತು, ಗಾಡಿಗಳೊಂದಿಗೆ ಬಂದಿಳಿಯುತ್ತವೆ. ಚರ್ಮಗಂಟು ರೋಗ ಹರಡುವ ನೊಣ, ಸೊಳ್ಳೆ, ಉಣ್ಣೆಗಳಿಗೆ ಕಾಗವಾಡದ ತಪಾಸಣಾ ನಾಕೆಯ ಹಂಗಿಲ್ಲ. ಲಸಿಕೆಯ ಪ್ರಭಾವ ಮೂಡಲು ಎರಡು-ಮೂರು ವಾರ ಬೇಕಾಗುವುದರಿಂದ, ಎತ್ತುಗಳು ಬಂದಿಳಿಯುವ ಮೊದಲೇ ಊರಿನ ಆರೋಗ್ಯವಂತ ದನಗಳಿಗೆ ಅದನ್ನು ಹಾಕಿಸಿರಬೇಕಾಗುತ್ತದೆ.