ಊರೇ ಮನೆತನದ ಹೆಸರಾದಾಗ: ತಳುಕು ಮತ್ತು ಬೆಳಗೆರೆ

ತಳುಕು ಮತ್ತು ಬೆಳಗೆರೆ ಚಳ್ಳಕೆರೆ ತಾಲ್ಲೂಕಿನ ಎರಡು ಹಳ್ಳಿಗಳು. ಒಂದು ಬಳ್ಳಾರಿ ರಸ್ತೆಯಲ್ಲಿದೆ, ಇನ್ನೊಂದು ವೇದಾವತಿಯ ದಂಡೆಯಲ್ಲಿ. ಈ ಊರುಗಳನ್ನು ಕಾಣದವರೂ ಅವುಗಳ ಹೆಸರನ್ನು ಲೇಖಕರ ಹೆಸರಿನೊಡನೆ ಬಲ್ಲರು.

ಹೆಸರಿಗೆ ಗುರುತೊಂದನ್ನು ಸೇರಿಸುವ ರೂಢಿ ಈ ಸೀಮೆಗೆ ಬಹಳ ಹಳೆಯದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನ ಅದನ್ನು ಬರೆದ ಚಪಡನನ್ನು ಹೆಸರಿಸುತ್ತದೆ. ಜೊತೆಗೆ ಲಿಪಿಕಾರನೆಂಬ ಅವನ ಕಸುಬನ್ನೂ ಹೇಳುತ್ತದೆ. ಇಲ್ಲಿನ ಮ್ಯಾಸ ನಾಯಕ ಸಮುದಾಯದಲ್ಲಿ ಇಂಥ ಗುರುತು ಬೆಡಗು, ಅಂದರೆ ಒಳಕುಲ. ಒಂದೇ ಬೆಡಗಿನವರು ತಮ್ಮೊಳಗೆ ಹೆಣ್ಣು ತರುವುದಿಲ್ಲ. ಆದರೆ ದಿನಬಳಕೆಯ ಹೆಸರಿಗೆ ಬೆಡಗು ಸೇರುವುದು ಕಡಿಮೆ.

ಹಳೆ ಮೈಸೂರು ಸೀಮೆಯಲ್ಲಿ ಅಡ್ಡಹೆಸರಿನ ಕೆಲಸವನ್ನು ಇನಿಷಿಯಲ್ಲುಗಳೇ ಮಾಡುತ್ತವೆ. ಸಾಮಾನ್ಯವಾಗಿ ಮೊದಲಕ್ಷರ ಊರಿನದು, ಎರಡನೆಯದು ತಂದೆಯದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದ ತಿಪ್ಪೇಸ್ವಾಮಿ ಎಂಬ ಹೆಸರು ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ತುಂಬಿದೆ. ಒಬ್ಬ ತಿಪ್ಪೇಸ್ವಾಮಿಯನ್ನು ಮತ್ತೊಬ್ಬನಿಂದ ಬೇರೆ ಮಾಡುವುದು ಆ ಅಕ್ಷರಗಳೇ.

ತಳುಕಿನ ಮನೆತನ ಇದಕ್ಕೆ ಅತ್ಯುತ್ತಮ ನಿದರ್ಶನ. ತಳುಕಿನ ಸುಬ್ಬಣ್ಣನವರ ಮಗ ಟಿ.ಎಸ್. ವೆಂಕಣ್ಣಯ್ಯ (1885–1939) ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಅನ್ನು ಅರ್ಪಿಸಿದ್ದು ಈ ಗುರುವಿಗೆ. ಅವರ ತಮ್ಮ, ವಿದ್ವಾಂಸ ತ.ಸು. ಶಾಮರಾಯರು ಅದೇ ಅಕ್ಷರಗಳನ್ನು ಕನ್ನಡದಲ್ಲಿ ಬರೆದುಕೊಂಡರು. ಮುಂದಿನ ತಲೆಮಾರಿನವರು ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್, ಅಂದರೆ ತ.ರಾ.ಸು. (1920–1984). ಇಲ್ಲಿ ತಂದೆಯ ಅಕ್ಷರ ಬದಲಾಯಿತು, ಊರಿನದು ನಿಂತಿತು. ‘ದುರ್ಗಾಸ್ತಮಾನ’ದ ಈ ಕರ್ತೃ ಹುಟ್ಟಿದ್ದು ಮಲೇಬೆನ್ನೂರಿನಲ್ಲಿ, ಆದರೂ ಹೆಸರಿನಲ್ಲಿ ಉಳಿದದ್ದು ಹಿರಿಯರ ಊರು.

ಬೆಳಗೆರೆಯ ಹೆಸರು ಮೊಟಕಾಗಲಿಲ್ಲ. ‘ಯೇಗ್ದಾಗೆಲ್ಲಾ ಐತೆ’ ಬರೆದ ಗಾಂಧಿವಾದಿ ಬೆಳಗೆರೆ ಕೃಷ್ಣಶಾಸ್ತ್ರಿಗಳೂ ಕವಯಿತ್ರಿ ಬೆಳಗೆರೆ ಜಾನಕಮ್ಮನವರೂ ಊರನ್ನು ಪೂರ್ತಿಯಾಗಿ ಹೆಸರಿನ ಮುಂದಿಟ್ಟುಕೊಂಡರು. ಬಳ್ಳಾರಿಯಲ್ಲಿ ಹುಟ್ಟಿದ ಪತ್ರಕರ್ತ ರವಿ ಬೆಳಗೆರೆ (1958–2020) ಅದನ್ನು ಕೊನೆಯಲ್ಲಿಟ್ಟರು. ಉತ್ತರ ಕರ್ನಾಟಕದ ರೂಢಿಯೂ ಹೀಗೆಯೇ.

ಇಂಗ್ಲಿಷರ ಅನೇಕ ಅಡ್ಡಹೆಸರುಗಳೂ ಊರುಗಳಿಂದಲೇ ಬಂದವು. ವಾಷಿಂಗ್ಟನ್ ಮನೆತನದ ಹೆಸರಿಗೆ ಮೂಲ ಉತ್ತರ ಇಂಗ್ಲೆಂಡಿನ ಅದೇ ಹೆಸರಿನ ಊರು. ಎರಡೂ ಕಡೆ ಕಾರಣ ಒಂದೇ: ಸ್ವಂತ ಊರಿನೊಳಗೆ ಯಾರನ್ನೂ ಊರಿನ ಹೆಸರಿಂದ ಗುರುತಿಸಬೇಕಿಲ್ಲ. ಊರು ಬಿಟ್ಟು ಬಂದವರಿಗೇ ಆ ಗುರುತು ಅಂಟಿಕೊಳ್ಳುವುದು.

ಈಗ ಅರ್ಜಿಗಳಲ್ಲಿ ಅಡ್ಡಹೆಸರಿನ ಕಾಲಂ ತುಂಬಲು ಹಲವರು ತಂದೆಯ ಹೆಸರನ್ನಷ್ಟೇ ಬರೆಯುತ್ತಾರೆ, ಊರು ಬಿಟ್ಟುಹೋಗುತ್ತದೆ. ತಂದೆಯ ಹೆಸರು ಪ್ರತಿ ತಲೆಮಾರಿಗೂ ಬದಲಾಗುವುದರಿಂದ ಮನೆತನವನ್ನು ಹಿಂದಿನವರೊಂದಿಗೆ ಬೆಸೆಯುವುದು ಊರಿನ ಹೆಸರೇ. ಇನಿಷಿಯಲ್ ಬಿಡಿಸುವಾಗ ಅದನ್ನೂ ಪೂರ್ತಿಯಾಗಿ ಬರೆದಿಡುವುದು ಅಗತ್ಯ.