ಒಂದು ಅಗುಳು ಸಾಕೆ?

ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದು ಅಗುಳು ಹಿಸುಕಿ ನೋಡಿದರೆ ಸಾಕು ಅಂತ ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಸಂಖ್ಯಾಶಾಸ್ತ್ರದ ದಪ್ಪ ದಪ್ಪ ಪುಸ್ತಕಗಳು ‘ಸ್ಯಾಂಪಲಿಂಗ್’ ಎಂದು ಕರೆಯುವುದೂ ಇದನ್ನೇ. ಆದರೆ ಯಾವ ಅಗುಳು? ಪಾತ್ರೆಯ ಮೇಲಿನದೋ, ತಳದ್ದೋ? ಮತ್ತೆ, ಎಷ್ಟು ಅಗುಳು? ಈ ಎರಡು ಪ್ರಶ್ನೆ ಕೇಳಿಕೊಳ್ಳದೆ ನಾನೊಂದು ತಪ್ಪು ಮಾಡಿದೆ. ಗೆಳೆಯರೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕಳೆದ ವರ್ಷ ನಮ್ಮ ಬಳಗದ ಸಭೆಯಲ್ಲಿ ಒಂದು ಸಲಹೆ ಬಂತು. ಮುಂಬಯಿಯಲ್ಲೇ ಹುಟ್ಟಿ ಬೆಳೆದು, ಮನೆಯಲ್ಲಿ ಕನ್ನಡ ಮಾತಾಡಿದರೂ ಅಕ್ಷರ ಬಾರದ ವಿದ್ಯಾರ್ಥಿಗಳಿಗೆ ಶನಿವಾರ ಮಧ್ಯಾಹ್ನ ಕನ್ನಡ ಓದು ಬರಹ ಕಲಿಸಬೇಕು ಎಂದು. “ಅಂಥವರು ನಮ್ಮ ಕಾಲೇಜಿನಲ್ಲಿ ಎಷ್ಟು ಜನ ಇದ್ದಾರು? ಮೊದಲು ಲೆಕ್ಕ ತನ್ನಿ” ಅಂದರು ನಮ್ಮ ಸರ್. ಬಳಗದಲ್ಲಿ ಸ್ಟಾಟಿಸ್ಟಿಕ್ಸ್ ಓದುವವ ನಾನೊಬ್ಬನೇ. ಕೆಲಸ ನನ್ನ ಪಾಲಿಗೆ ಬಂತು. ರಾಜ್ಯೋತ್ಸವದ ಕಾರ್ಯಕ್ರಮದ ದಿನ ಬಾಗಿಲಲ್ಲಿ ನಿಂತು, ಬಂದ ವಿದ್ಯಾರ್ಥಿಗಳಿಗೆಲ್ಲ ಒಂದೊಂದು ಫಾರ್ಮು ಕೊಟ್ಟೆ. ವಾಪಸು ಬಂದವುಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ‘ಕನ್ನಡ ಓದಲು ಬರುತ್ತದೆ’ ಎಂದೇ ಬರೆದಿದ್ದರು. ಮುಂದಿನ ಸಭೆಯಲ್ಲಿ ಹೆಮ್ಮೆಯಿಂದ ವರದಿ ಓದಿದೆ. ತರಗತಿಯ ವಿಚಾರ ಅಲ್ಲಿಗೇ ಬಿದ್ದುಹೋಯಿತು.

ಒಂದು ತಿಂಗಳಾದ ಮೇಲೆ ಡೊಂಬಿವಲಿಯಿಂದ ಬರುವ ಎಫ್.ವೈ.ಯ ಹುಡುಗಿಯೊಬ್ಬಳು ಕ್ಯಾಂಟೀನಿನಲ್ಲಿ ಸಿಕ್ಕಿ, “ಅಣ್ಣ, ಆ ಕ್ಲಾಸು ಯಾವಾಗ ಶುರು?” ಅಂತ ಕೇಳಿದಳು. ಬೇಕಾದವರೇ ಇಲ್ಲವೆಂದು ಗೊತ್ತಾಯಿತಲ್ಲ, ನೀನು ಫಾರ್ಮು ತುಂಬಲಿಲ್ಲವೆ ಎಂದೆ.

“ಫಾರ್ಮು ಕನ್ನಡದಲ್ಲೇ ಇತ್ತಲ್ಲ ಅಣ್ಣ, ನನಗೆ ಓದ್ಲಿಕ್ಕೇ ಬರ್ಲಿಲ್ಲ. ಕೇಳ್ಲಿಕ್ಕೆ ನಾಚಿಕೆ ಆಯ್ತು. ಬ್ಯಾಗಿಗೆ ಹಾಕಿಕೊಂಡು ಹೋದೆ.”

ಅವಳ ಅಜ್ಜ ಬರೆದಿಟ್ಟ ಒಂದು ಡೈರಿ ಮನೆಯಲ್ಲಿದೆಯಂತೆ. ಅಪ್ಪ ಓದಿ ಹೇಳುತ್ತಿದ್ದರಂತೆ. ಈಗ ಅಪ್ಪನೂ ಇಲ್ಲ. ನನಗೆ ಮಾತೇ ಹೊರಡಲಿಲ್ಲ.

ನಾನು ಮಾಡಿದ್ದೇನು ನೋಡಿ. ಕನ್ನಡ ಕಾರ್ಯಕ್ರಮಕ್ಕೆ ಬಂದವರನ್ನೇ ಹಿಡಿದು ಕೇಳಿದೆ. ಅದೂ ಕನ್ನಡ ಓದಬಲ್ಲವರು ಮಾತ್ರ ಉತ್ತರಿಸಬಹುದಾದ ಫಾರ್ಮಿನಲ್ಲಿ. ಕೈಗೆ ಸಿಕ್ಕವರನ್ನು ಕೇಳುವ ಈ ಪದ್ಧತಿಗೆ ‘ಅನುಕೂಲದ ಮಾದರಿ’ ಎನ್ನುತ್ತಾರೆ. ಕೇಳುವವನಿಗೇನೋ ಅನುಕೂಲ, ಸತ್ಯಕ್ಕೆ ಅಲ್ಲ. ಇನ್ನೂ ಸಾವಿರ ಫಾರ್ಮು ಹಂಚಿದ್ದರೆ ಸರಿಹೋಗುತ್ತಿತ್ತೆ? ಇಲ್ಲ. ಅದೇ ತಪ್ಪನ್ನು ಸಾವಿರ ಸಲ ಮಾಡಿದಂತಾಗುತ್ತಿತ್ತು, ಅಷ್ಟೆ.

ಈ ಮಾತಿಗೆ ಅಮೆರಿಕದ ಒಂದು ಪ್ರಸಿದ್ಧ ಸಾಕ್ಷಿ ಇದೆ. 1936ರ ಅಧ್ಯಕ್ಷ ಚುನಾವಣೆಗೆ ಮೊದಲು ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು ಬಾಚಿಕೊಂಡು. ಪತ್ರಿಕೆ ವಿಳಾಸಗಳನ್ನು ಬಹುಮಟ್ಟಿಗೆ ಟೆಲಿಫೋನ್ ಡೈರೆಕ್ಟರಿಗಳಿಂದ, ಕಾರು ಇದ್ದವರ ಪಟ್ಟಿಗಳಿಂದ ತೆಗೆದಿತ್ತು. ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಯಾರ ಮನೆಯಲ್ಲಿದ್ದೀತು? ಜೊತೆಗೆ, ಚೀಟಿ ತಲುಪಿದವರಲ್ಲೂ ಮುಕ್ಕಾಲು ಪಾಲು ಉತ್ತರಿಸಲೇ ಇಲ್ಲ. ಇದಕ್ಕಿಂತ ಎಷ್ಟೋ ಚಿಕ್ಕ ಮಾದರಿ ಇಟ್ಟುಕೊಂಡ ಜಾರ್ಜ್ ಗ್ಯಾಲಪ್ ಗೆಲ್ಲುವವರ ಹೆಸರು ಸರಿಯಾಗಿ ಹೇಳಿದ್ದರು. ಎರಡು ವರ್ಷದಲ್ಲಿ ಪತ್ರಿಕೆ ನಿಂತುಹೋಯಿತು. ಟೆಲಿಫೋನಿಲ್ಲದ ಮತದಾರನೂ ಫಾರ್ಮು ಓದಲಾರದ ನಮ್ಮ ಹುಡುಗಿಯೂ ಒಂದೇ. ಇಬ್ಬರೂ ಪಾತ್ರೆಯ ತಳದ ಅಗುಳುಗಳು.

ಹಾಗಾದರೆ ಅಗುಳು ಆರಿಸುವುದು ಹೇಗೆ? ಮೊದಲು ಪಟ್ಟಿ ಬೇಕು. ಯಾರ ಬಗ್ಗೆ ತಿಳಿಯಬೇಕೋ ಅವರೆಲ್ಲರ ಹೆಸರೂ ಅದರಲ್ಲಿರಬೇಕು. ಆಮೇಲೆ ಆಯ್ಕೆ ನಮ್ಮ ಇಷ್ಟಕ್ಕೆ ಬಿಡದೆ ಚೀಟಿಗೆ ಬಿಡಬೇಕು. ಹೆಸರುಗಳನ್ನೆಲ್ಲ ಡಬ್ಬಿಗೆ ಹಾಕಿ ಎತ್ತಿದರೆ ಅದು ಸರಳ ಯಾದೃಚ್ಛಿಕ ಮಾದರಿ. ಮೊದಲ ಹೆಸರನ್ನು ಚೀಟಿಯಿಂದ ಎತ್ತಿ ಅಲ್ಲಿಂದ ಪ್ರತಿ ಐದನೆಯ ಹೆಸರು ಹಿಡಿದರೆ ಕ್ರಮಬದ್ಧ ಮಾದರಿ. ಇದು ಸುಲಭ, ಆದರೆ ಒಂದು ಎಚ್ಚರ ಬೇಕು. ಲೈಬ್ರರಿಗೆ ಬರುವವರನ್ನು ಪ್ರತಿ ಏಳನೆಯ ದಿನ ಎಣಿಸಿದರೆ ಯಾವಾಗಲೂ ಒಂದೇ ವಾರ ಸಿಗುತ್ತದೆ! ಜನರಲ್ಲಿ ಪದರಗಳಿದ್ದರೆ, ಅಂದರೆ ಬೆಳಗಿನ ಕಾಲೇಜಿನವರು, ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಓದುವವರು ಎಂದೆಲ್ಲ ಇದ್ದರೆ, ಪ್ರತಿ ಪದರದಿಂದಲೂ ಬೇರೆ ಬೇರೆಯಾಗಿ ಚೀಟಿ ಎತ್ತಬೇಕು. ಇದು ಸ್ತರಿತ ಮಾದರಿ. ಇಡೀ ಜಿಲ್ಲೆಯ ಮನೆಗಳ ಪಟ್ಟಿ ಸಿಗದಿದ್ದಾಗ ಮೊದಲು ಊರುಗಳನ್ನು ಚೀಟಿಯಿಂದ ಆರಿಸಿ, ಆ ಊರುಗಳ ಮನೆಗಳನ್ನಷ್ಟೇ ಪಟ್ಟಿ ಮಾಡಿದರೆ ಗುಂಪು ಮಾದರಿ. ಓಡಾಟ ಕಡಿಮೆಯಾಗುತ್ತದೆ, ಆದರೆ ಒಂದೇ ಊರಿನವರು ಒಬ್ಬರಂತೆ ಒಬ್ಬರು ಇರುವುದರಿಂದ ಹೆಚ್ಚು ಜನರನ್ನು ಕೇಳಬೇಕಾಗುತ್ತದೆ.

ಇದೆಲ್ಲ ಪರದೇಶದ ವಿದ್ಯೆಯೆಂದು ತಿಳಿಯಬೇಡಿ. ಕಲ್ಕತ್ತೆಯಲ್ಲಿ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಮಹಾಲನೋಬಿಸ್, ಬಂಗಾಳದ ಸೆಣಬಿನ ಬೆಳೆಯನ್ನು ಹೊಲಹೊಲ ಸುತ್ತಿ ಎಣಿಸದೆ ಹೀಗೆ ಮಾದರಿಯಿಂದಲೇ ಅಳೆದು ತೋರಿಸಿದರು. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಿಂದೆಯೂ ಅವರೇ ಇದ್ದರು. ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಹಲವು ದಶಕ ದುಡಿದದ್ದೂ ಅದೇ ಸಂಸ್ಥೆಯಲ್ಲಿ.

ಇನ್ನು ಎಷ್ಟು ಅಗುಳು? ‘ಹೌದು–ಅಲ್ಲ’ ಎಂಬ ಪ್ರಶ್ನೆಗೆ ಒಂದು ಕೈಲೆಕ್ಕ ಇದೆ. ನೂರಕ್ಕೆ 10ರಷ್ಟು ಆಚೀಚೆ ಆದರೂ ಪರವಾಗಿಲ್ಲ ಎಂದರೆ ಸುಮಾರು 100 ಜನ. 5ರೊಳಗೇ ಇರಬೇಕೆಂದರೆ 400. ತಪ್ಪನ್ನು ಅರ್ಧ ಮಾಡಲು ಜನ ನಾಲ್ಕು ಪಟ್ಟು ಬೇಕು. ಹೀಗೆ ನೂರು ಸಲ ಚೀಟಿ ಎತ್ತಿದರೆ ಸುಮಾರು 95 ಸಲ ಉತ್ತರ ಆ ಮಿತಿಯೊಳಗೇ ಇರುತ್ತದೆ. ಊರಿನಲ್ಲಿ ಲಕ್ಷ ಜನ ಇರಲಿ, ಕೋಟಿ ಇರಲಿ, ಈ ಸಂಖ್ಯೆ ಹೆಚ್ಚು ಬದಲಾಗದು. ಚೆನ್ನಾಗಿ ಕಲಸಿದ್ದರೆ ಮನೆಯ ಪಾತ್ರೆಗೂ ಮದುವೆಯ ಕೊಪ್ಪರಿಗೆಗೂ ಅಷ್ಟೇ ಅಗುಳು. ಒಟ್ಟು ಜನವೇ ಕಡಿಮೆ ಇದ್ದಾಗ ಮಾತ್ರ ಇನ್ನೂ ಇಳಿಸಬಹುದು. ಪಟ್ಟಿಯಲ್ಲಿ 400 ಹೆಸರಿವೆ ಎನ್ನಿ. ತಾರೊ ಯಮಾನೆಯ ಸೂತ್ರದ ಪ್ರಕಾರ 10ರ ಮಿತಿಗೆ 80 ಜನ ಸಾಕು. ಅಂದರೆ ಐದಕ್ಕೊಂದು ಹೆಸರು. ಆದರೆ ಬೆಳಗಿನವರದು ಇಷ್ಟು, ಸಂಜೆಯವರದು ಇಷ್ಟು ಎಂದು ಬೇರೆ ಬೇರೆ ಹೇಳಬೇಕಾದರೆ ಒಂದೊಂದು ಪದರಕ್ಕೂ ಬೇರೆ ಲೆಕ್ಕ ಹಾಕಬೇಕು. ಹೆಸರು ಬಂದವರು ಸಿಗಲಿಲ್ಲವೆಂದು ಪಕ್ಕದ ಬೆಂಚಿನವನನ್ನು ಕೇಳಿ ಮುಗಿಸುವ ಹಾಗಿಲ್ಲ. ಮತ್ತೆ ಮತ್ತೆ ಹೋಗಬೇಕು. ಸಿಗದವನೇ ಬೇರೆ ಥರದವನಾಗಿರಬಹುದು.

ಈ ಸಲ ಬಳಗದ ಒಪ್ಪಿಗೆ ಪಡೆದು ಹೊಸದಾಗಿ ಹೊರಟಿದ್ದೇನೆ. ಮನೆಮಾತು ಕನ್ನಡವೆಂದು ಕಾಲೇಜಿನ ದಾಖಲೆಯಲ್ಲಿ ಬರೆಸಿದವರ ಪಟ್ಟಿ ಕೇಳಿದ್ದೇವೆ. ಎರಡೂ ಪದರದಿಂದ ಚೀಟಿ ಎತ್ತುತ್ತೇವೆ. ಫಾರ್ಮು ಇಲ್ಲ; ಎದುರು ಕೂತು ಬಾಯಲ್ಲೇ ಕೇಳುತ್ತೇವೆ. ಕೇಳುವ ಕೆಲಸಕ್ಕೆ ಆರೆಂಟು ಜನ ಬೇಕು. ಬರುವವರು ನನಗೆ ತಿಳಿಸಿ.

ಇನ್ನೊಂದು ಮಾತು. ಈ ಲೇಖನವೂ ಕನ್ನಡದಲ್ಲೇ ಇದೆ. ಇದು ಯಾರಿಗೆ ಮುಖ್ಯವಾಗಿ ತಲುಪಬೇಕೋ ಅವರು ಇದನ್ನು ಓದಲಾರರು. ಆದ್ದರಿಂದ ಓದಿದವರು ದಯವಿಟ್ಟು ಪಕ್ಕದವರಿಗೆ ಓದಿ ಹೇಳಿ.