ಬದು ಒತ್ತಿದರೆ, ದಾರಿ ಮುಚ್ಚಿದರೆ, ದನ ನುಗ್ಗಿದರೆ

ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಎರಿ ಹೊಲಗಳಲ್ಲಿ ಹಿಂಗಾರಿ ಜೋಳದ ರಾಶಿ ಮುಗಿಯಿತೆಂದರೆ ಮುಂದಿನ ಬಿತ್ತಿಗೆಯವರೆಗೆ ಯಾರೂ ಯಾರನ್ನೂ ತಡೆಯುವುದಿಲ್ಲ. ಕುರಿ ಹಿಂಡು ಬಂದು ರಾತ್ರಿ ತಂಗುತ್ತದೆ, ಹೊಲಕ್ಕೆ ಗೊಬ್ಬರವಾಯಿತೆಂದು ಮಾಲಕನೇ ಕುರುಬರಿಗೆ ಕಾಳು ಕೊಡುತ್ತಾನೆ. ಎಳ್ಳ ಅಮಾವಾಸ್ಯೆಯ ದಿನವಂತೂ ಚರಗ ಚೆಲ್ಲಿದ ಮೇಲೆ ದಾರಿಹೋಕರನ್ನೂ ಕರೆದು ಕೂಡಿಸಿ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಬಡಿಸುವ ಸೀಮೆ ಇದು. ಇಂಥ ಊರಲ್ಲಿ ‘ನನ್ನ ಹೊಲದಾಗ ಕಾಲಿಡಬ್ಯಾಡ’ ಎನ್ನಲು ಬಾಯಿ ಬರುವುದಿಲ್ಲ. ಹಾಗಾಗಿ ನಿಜವಾದ ಅನ್ಯಾಯವಾದಾಗಲೂ ‘ಹೋಗ್ಲಿ ಬಿಡ್ರಿ, ಬಾಜುದವರ ಜೋಡಿ ಜಗಳ ಯಾಕ’ ಎಂದು ಜನ ನುಂಗಿಕೊಳ್ಳುತ್ತಾರೆ. ಕಾಯ್ದೆಗೆ ಈ ಸಂಕೋಚ ಗೊತ್ತಿಲ್ಲ, ಅದು ದಿನ ಎಣಿಸುತ್ತದೆ. ಕೆಲವು ತಂಟೆಗಳಿಗೆ 6 ತಿಂಗಳ ಗಡುವು, ಕೆಲವಕ್ಕೆ 12 ವರ್ಷ. ಯಾವ ತಂಟೆಗೆ ಯಾವ ಕಚೇರಿ ಎಂದು ತಿಳಿಯದೆ ಅಲೆದಾಡುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಹೊಲದೊಳಗೆ ಯಾರಾದರೂ ಬಂದರೆ ಮೊದಲು ನೆನಪಾಗುವುದು ಪೊಲೀಸ್ ಠಾಣೆ. ಆದರೆ ಅಲ್ಲಿಂದ ಬಹಳ ಜನ ಬರಿಗೈಯಲ್ಲಿ ಮರಳುತ್ತಾರೆ, ಅದಕ್ಕೆ ಕಾರಣವೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 329ರ ಪ್ರಕಾರ ಅಕ್ರಮ ಪ್ರವೇಶ ಅಪರಾಧವಾಗಬೇಕಾದರೆ ಒಳಗೆ ಬಂದವನಿಗೆ ಒಂದು ಉದ್ದೇಶ ಇರಬೇಕು: ಅಪರಾಧ ಮಾಡುವುದು, ಅಥವಾ ಹೊಲದವನನ್ನು ಹೆದರಿಸುವುದು, ಅವಮಾನಿಸುವುದು, ಪೀಡಿಸುವುದು. ಅದು ಸಾಬೀತಾದರೆ 3 ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬಸ್ ಹಿಡಿಯುವ ಅವಸರದಲ್ಲಿ ನಿಮ್ಮ ತೊಗರಿ ಸಾಲಿನ ನಡುವೆ ಹಾದುಹೋದವನು ಈ ಕಲಮಿನೊಳಗೆ ಬರುವುದಿಲ್ಲ. ‘ಬರಬೇಡ’ ಎಂದು ಸಾಕ್ಷಿಗಳೆದುರು ಹೇಳಿದ ಮೇಲೂ ಬಂದು, ಬೈದು, ಬೆದರಿಸಿದವನು ಬರುತ್ತಾನೆ. ಬೆಳೆ ಕಿತ್ತವನ ಮೇಲೆ ಕಳವಿನ ಕಲಂ 303, ಬೆಳೆ ತುಳಿಸಿದವನ ಮೇಲೆ ಹಾನಿಯ ಕಲಂ 324, ಕಾಲುವೆ ನೀರು ತಿರುಗಿಸಿಕೊಂಡು ನಿಮ್ಮ ಹೊಲ ಒಣಗಿಸಿದವನ ಮೇಲೆ ಕಲಂ 326. ಆದ್ದರಿಂದ ದೂರಿನಲ್ಲಿ ‘ಹೊಲಕ್ಕೆ ನುಗ್ಗಿದರು’ ಎಂದಷ್ಟೇ ಬರೆದರೆ ಸಾಲದು. ಏನು ಮಾಡಿದರು, ಏನು ಅಂದರು, ಎಷ್ಟು ಹಾಳಾಯಿತು, ಯಾರು ನೋಡಿದರು, ಎಲ್ಲವೂ ಇರಬೇಕು. ಠಾಣೆಗೆ ಹೋಗುವ ಮೊದಲು ಊರ ಪೊಲೀಸ್ ಪಾಟೀಲರನ್ನು ಕರೆದು ಹಾನಿ ತೋರಿಸುವುದು ಒಳ್ಳೆಯದು. 1967ರ ಗ್ರಾಮ ಪೊಲೀಸ್ ಕಾಯ್ದೆಯಡಿ ನೇಮಕವಾದ ಅವರ ಮಾತಿಗೆ ಠಾಣೆಯಲ್ಲಿ ತೂಕವಿದೆ.

ದನದ ವಿಷಯ ಬೇರೆ. ಬೆಳೆ ಮೇಯುತ್ತಿರುವ ದನವನ್ನು ಹಿಡಿಯುವ ಹಕ್ಕನ್ನು 1871ರ ಕಾಯ್ದೆಯೇ ರೈತನಿಗೆ ಕೊಟ್ಟಿತು. ಹಿಡಿದದ್ದನ್ನು 24 ಗಂಟೆಯೊಳಗೆ ಕೊಂಡವಾಡಿಗೆ ಸೇರಿಸಬೇಕೆಂದೂ ಅದೇ ಹೇಳಿತು. ಈಗ ಮಹಾರಾಷ್ಟ್ರದಲ್ಲಿ ಕೊಂಡವಾಡಿ ಗ್ರಾಮಪಂಚಾಯತಿಯ ಸುಪರ್ದಿಯಲ್ಲಿದೆ. ಬಹಳ ಕಡೆ ಅದರ ಗೋಡೆ ಬಿದ್ದು ಜಾಲಿ ಬೆಳೆದಿರುವುದು ಬೇರೆ ಮಾತು. ದನವನ್ನು ನಿಮ್ಮ ಮನೆಯಲ್ಲೇ ಕಟ್ಟಿಹಾಕಿ ‘ರೊಕ್ಕ ಕೊಟ್ಟು ಒಯ್ಯಿ’ ಎಂದರೆ ತಪ್ಪು ನಿಮ್ಮ ಕಡೆಗೆ ತಿರುಗುತ್ತದೆ. ಸಿಟ್ಟಿನಲ್ಲಿ ಕಾಲು ಮುರಿದರೆ, ವಿಷವಿಟ್ಟರೆ ನ್ಯಾಯ ಸಂಹಿತೆಯ ಕಲಂ 325ರಡಿ 5 ವರ್ಷದವರೆಗೆ ಸಜೆ ಇದೆ. ಹಂದಿ, ಚಿಗರಿ ಕಾಟಕ್ಕೆಂದು ತಂತಿಗೆ ನೇರವಾಗಿ ಮೋಟರಿನ ಕರೆಂಟ್ ಕೊಡುವವರಿಗಂತೂ ಕೈಮುಗಿದು ಹೇಳಬೇಕು: ಆ ತಂತಿಗೆ ಮೊದಲು ಬಲಿಯಾಗುವುದು ನಸುಕಿನಲ್ಲಿ ನೀರು ಹಾಯಿಸಲು ಹೋದ ಮನೆಯವರೇ. ಬ್ಯಾಟರಿಯ ಝಟಕಾ ಮಷೀನ್ ಬಡಿತ ಬಡಿತವಾಗಿ ಕರೆಂಟ್ ಬಿಡುತ್ತದೆ, ಬೆದರಿಸುತ್ತದೆ. ಮೇನ್ ಲೈನಿನ ಕರೆಂಟ್ ಹಿಡಿದದ್ದನ್ನು ಬಿಡುವುದಿಲ್ಲ.

ಇನ್ನು ದಾರಿ. ಇಲ್ಲಿ ಹಕ್ಕು ಎರಡೂ ಕಡೆ ಇರುತ್ತದೆ, ಹಾಗಾಗಿ ಜಗಳವೂ ಗಟ್ಟಿ. ಒಳಗಿನ ಹೊಲದವನಿಗೆ ಕಬ್ಬಿನ ಟ್ರ್ಯಾಕ್ಟರ್ ಹೋಗಲೇಬೇಕು, ಹೊರಗಿನವನಿಗೆ ಆ ಚಕ್ರದ ಕೆಳಗಿನ ಮಣ್ಣು ತನ್ನದು. ಅಜ್ಜನ ಕಾಲದಿಂದ ಬಂಡಿ ಹೋಗುತ್ತಿದ್ದ ದಾರಿಗೆ ಯಾರಾದರೂ ಮುಳ್ಳು ಹಚ್ಚಿದರೆ, ಚರಿ ಹೊಡೆದರೆ, 1906ರ ಮಾಮಲೇದಾರ ನ್ಯಾಯಾಲಯ ಕಾಯ್ದೆಯ ಕಲಂ 5ರಡಿ ತಹಶೀಲ್ದಾರರಿಗೆ ಅರ್ಜಿ ಹಾಕಬೇಕು. ಗಡುವು, ಅಡ್ಡಿಯಾದ ದಿನದಿಂದ 6 ತಿಂಗಳು. ಹೊಲದಿಂದ ಹೊಲಕ್ಕೆ ಸಹಜವಾಗಿ ಹರಿಯುವ ಮಳೆನೀರಿಗೆ ಒಡ್ಡು ಕಟ್ಟಿ ತಡೆದಾಗಲೂ ಇದೇ ಕಲಂ. ತಹಶೀಲ್ದಾರರು ಸ್ಥಳ ಪಾಹಣಿ ಮಾಡಿ, ಎರಡೂ ಕಡೆಯವರ ಮಾತು ಕೇಳಿ, ಅಡ್ಡಿ ತೆಗೆಸುವ ಹುಕುಂ ಕೊಡಬಹುದು.

ದಾರಿಯೇ ಇಲ್ಲದವನಿಗೆ ಈ ಕಾಯ್ದೆ ಒದಗುವುದಿಲ್ಲ. ಅವನು ಹೋಗಬೇಕಾದದ್ದು ಮಹಾರಾಷ್ಟ್ರ ಭೂ ಮಹಸೂಲ್ ಸಂಹಿತೆ 1966ರ ಕಲಂ 143ಕ್ಕೆ. ಅದರಡಿ ತಹಶೀಲ್ದಾರರು ಬೇರೆಯವರ ಸರ್ವೆ ನಂಬರಿನ ಹದ್ದಿನ ಮೇಲಿಂದ ದಾರಿ ಕೊಡಬಹುದು. ಹದ್ದಿನ ಮೇಲಿಂದ ಎಂಬುದನ್ನು ಗಮನಿಸಬೇಕು. ಹೊಲದ ನಟ್ಟನಡುವೆ ಹಾದುಹೋಗುವ ದಾರಿಯನ್ನು ಈ ಕಲಂ ಕೊಡುವುದಿಲ್ಲ. ನಿರ್ಣಯ ಒಪ್ಪಿಗೆಯಾಗದಿದ್ದರೆ 1 ವರ್ಷದೊಳಗೆ ದಿವಾಣಿ ನ್ಯಾಯಾಲಯಕ್ಕೆ ಹೋಗಬಹುದು. ಅರ್ಜಿದಾರರು ಮೇಲಿಂದ ಮೇಲೆ ಎಡವುವುದು ಈ ಎರಡು ಕಾಯ್ದೆಗಳ ನಡುವೆ. ಇದ್ದ ದಾರಿ ಮುಚ್ಚಿದ್ದಕ್ಕೆ 143 ಹಾಕುತ್ತಾರೆ, ಹೊಸ ದಾರಿ ಬೇಕೆಂದು 1906ರ ಅರ್ಜಿ ಬರೆಸುತ್ತಾರೆ. ವರ್ಷಗಟ್ಟಲೆ ತಾರೀಖು ಬಿದ್ದ ಮೇಲೆ ಅರ್ಜಿ ತಿರುಗಿ ಬರುತ್ತದೆ.

ದಾರಿ ಕೊಟ್ಟವರಿಗೂ ಒಂದು ಮಾತು. ಸುಖಾಧಿಕಾರ ಕಾಯ್ದೆ 1882ರಂತೆ, ಯಾರಾದರೂ 20 ವರ್ಷ ಎಡೆಬಿಡದೆ, ಎಲ್ಲರೂ ನೋಡುವಂತೆ, ತನ್ನ ಹಕ್ಕೆಂದೇ ನಡೆದರೆ ಆ ದಾರಿ ನಿಜಕ್ಕೂ ಅವರ ಹಕ್ಕಾಗುತ್ತದೆ. ನೀವು ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟ ದಾರಿಯಾದರೆ, ಅನುಮತಿಯಿಂದ ಬಿಟ್ಟದ್ದೆಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಅನುಮತಿ ಇರುವತನಕ ಅದು ಹಕ್ಕಾಗಿ ಬಲಿಯುವುದಿಲ್ಲ. ಇದರಲ್ಲಿ ಕೆಟ್ಟತನವೇನೂ ಇಲ್ಲ, ಮೊಮ್ಮಕ್ಕಳ ಜಗಳ ಇವತ್ತೇ ತಪ್ಪುತ್ತದೆ. ಹೊಲದ ದಾರಿಗಳನ್ನು ಸಾತಬಾರಾ ಉತಾರದ ‘ಇತರ ಹಕ್ಕು’ ಕಾಲಮಿನಲ್ಲಿ ನೋಂದಿಸಬೇಕೆಂದು 2025ರಲ್ಲಿ ರಾಜ್ಯ ಸರ್ಕಾರ ನಿರ್ಣಯ ಹೊರಡಿಸಿದೆ. ಹುಕುಂ ಸಿಕ್ಕವರು ತಲಾಠಿಯ ಕಡೆಯಿಂದ ಆ ನೋಂದಣಿ ಮಾಡಿಸಿಕೊಳ್ಳದೆ ಸುಮ್ಮನಾಗಬಾರದು.

ಇಷ್ಟೆಲ್ಲಕ್ಕಿಂತ ಸದ್ದಿಲ್ಲದೆ ನಡೆಯುವುದು ಬದು ಒತ್ತುವುದು. ಬದುವಿನ ಮೇಲೆ ಎರಡು ಬೇವಿನ ಗಿಡ, ಒಂದಿಷ್ಟು ಹುಲ್ಲು, ನಡುವೆ ಕಾಲುದಾರಿ ಇರುತ್ತದೆ. ಎತ್ತಿನ ರಂಟೆ ಇದ್ದಾಗ ಬದುವಿನ ಬುಡಕ್ಕೆ ಬಂದು ತಿರುಗಿಕೊಳ್ಳುತ್ತಿತ್ತು. ಟ್ರ್ಯಾಕ್ಟರಿನ ಪಲ್ಟಿ ನೇಗಿಲು ಬದುವನ್ನೇ ಕೆರೆದು ಮಣ್ಣನ್ನು ಒಳಗೆ ಹಾಕಿಕೊಳ್ಳುತ್ತದೆ. ಮೊದಲ ವರ್ಷ ಹುಲ್ಲು ಹೋಗುತ್ತದೆ, ಆಮೇಲೆ ಬೇವಿನ ಬೇರು ಹೊರಗೆ ಕಾಣುತ್ತದೆ. ಒಂದು ದೊಡ್ಡ ಮಳೆಗೆ ಬದು ಕುಸಿದರೆ, ಮರುವರ್ಷ ಬಾಜುದವನು ಹೊಸ ಬದುವನ್ನು ನಿಮ್ಮ ಕಡೆಗೆ ಸರಿಸಿ ಹಾಕಿರುತ್ತಾನೆ. ಲೆಕ್ಕ ಹಾಕಿ ನೋಡಿ. 300 ಮೀಟರ್ ಉದ್ದದ ಬದುವಿನಲ್ಲಿ ವರ್ಷಕ್ಕೆ ಅರ್ಧ ಅಡಿ, ಅಂದರೆ 15 ಸೆಂಟಿಮೀಟರ್ ಒತ್ತಿದರೆ 45 ಚದರ ಮೀಟರ್. 10 ವರ್ಷಕ್ಕೆ 450 ಚದರ ಮೀಟರ್, ಹತ್ತಿರಹತ್ತಿರ ನಾಲ್ಕೂವರೆ ಗುಂಟೆ. ಸೂರತ್–ಚೆನ್ನೈ ಹೆದ್ದಾರಿಯ ಯೋಜನೆ ಬಂದ ಈ ತಾಲ್ಲೂಕುಗಳಲ್ಲಿ ಒಂದೊಂದು ಗುಂಟೆಯ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಮದ್ದು ಮೋಜಣಿ, ಅಂದರೆ ಜಮೀನಿನ ಸರ್ಕಾರಿ ಅಳತೆ. ಸಾತಬಾರಾದಲ್ಲಿ ನಿಮ್ಮ ಹೆಸರಿಗೆ ಎಷ್ಟು ಹೆಕ್ಟೇರ್, ಎಷ್ಟು ಆರ್ ಎಂದು ಇರುತ್ತದೆಯೇ ಹೊರತು ಹೊಲದ ಆಕಾರ ಇರುವುದಿಲ್ಲ. (1 ಆರ್ ಅಂದರೆ 100 ಚದರ ಮೀಟರ್, ನಮ್ಮ ಗುಂಟೆ 101 ಚದರ ಮೀಟರಿಗೆ ತುಸು ಹೆಚ್ಚು.) ಆಕಾರ ತೋರಿಸುವ ನಕಾಶೆ ತಾಲ್ಲೂಕಿನ ಭೂಮಿ ಅಭಿಲೇಖ ಕಚೇರಿಯಲ್ಲಿದೆ. ಅಲ್ಲಿ ‘ಹದ್ದ ಕಾಯಂ ಮೋಜಣಿ’ಗೆ ಅರ್ಜಿ ಹಾಕಿ ಫೀ ತುಂಬಿದರೆ ತಾರೀಖು ಸಿಗುತ್ತದೆ, ಸುತ್ತಲಿನ ಹೊಲದವರಿಗೆಲ್ಲ ನೋಟಿಸ್ ಹೋಗುತ್ತದೆ. ನೋಟಿಸ್ ತಲುಪಿದ್ದರ ದಾಖಲೆ ಗಟ್ಟಿ ಇರಲಿ, ‘ನನಗೆ ಗೊತ್ತೇ ಇರಲಿಲ್ಲ’ ಎಂಬ ತಕರಾರಿಗೆ ಅದೇ ಉತ್ತರ. ಭೂಮಾಪಕರು ರೋವರ್ ಯಂತ್ರ ಹಿಡಿದು ಅಳೆದು, ಗುರುತು ಹಾಕಿ, ಎಲ್ಲರ ಹೇಳಿಕೆ ಪಡೆದು ಹೋಗುತ್ತಾರೆ. ಆಮೇಲೆ ಸಿಗುವ ನಕಾಶೆಗೆ ‘ಕ ಪ್ರತ’ ಎನ್ನುತ್ತಾರೆ. ಯಾರ ಕಬ್ಜಾ ಎಲ್ಲಿಯವರೆಗೆ ಬಂದಿದೆ ಎಂಬುದು ಅದರಲ್ಲಿ ಕಾಣುತ್ತದೆ. ಒಪ್ಪದವರು ಮೇಲಧಿಕಾರಿಯಿಂದ ನಿಮತಾನಾ ಮೋಜಣಿ, ಅಂದರೆ ಮರು ಅಳತೆ ಮಾಡಿಸಬಹುದು.

ಮೋಜಣಿಗೆ ಹೊಲ ಖಾಲಿ ಇರಬೇಕು. ಆಳೆತ್ತರದ ಕಬ್ಬಿನಲ್ಲಿ, ಮಳೆಗಾಲದ ಎರಿ ಕೆಸರಿನಲ್ಲಿ ಕೆಲಸ ಸಾಗುವುದಿಲ್ಲ. ಜೋಳ ಕೊಯ್ಯುವ ಮೊದಲೇ ಅರ್ಜಿ ಹಾಕಿದರೆ ಬೇಸಿಗೆಯ ತಾರೀಖು ಸಿಗುವ ಸಂಭವ ಹೆಚ್ಚು. ಅಳೆದುಹೋದ ಗುರುತಿನ ಮೇಲೆ ಅದೇ ದಿನ ಬಾಂದುಗಲ್ಲು ನೆಟ್ಟು ಫೋಟೋ ತೆಗೆದಿಡಿ. ಸರ್ಕಾರಿ ನೌಕರ ನಿಲ್ಲಿಸಿದ ಹದ್ದಿನ ಗುರುತನ್ನು ಕೀಳುವುದು ನ್ಯಾಯ ಸಂಹಿತೆಯ ಕಲಂ 326ರಡಿ ಅಪರಾಧ. ಆದರೆ ಮೋಜಣಿದಾರರು ಒತ್ತುವರಿ ತೋರಿಸುತ್ತಾರಷ್ಟೇ, ತೆಗೆಸಿಕೊಡುವುದಿಲ್ಲ. ಬಾಜುದವರು ಮಾತಿಗೆ ಬಗ್ಗದಿದ್ದರೆ ಕ ಪ್ರತ ಹಿಡಿದು ದಿವಾಣಿ ನ್ಯಾಯಾಲಯಕ್ಕೆ ಹೋಗಬೇಕು. ಕಬ್ಜಾ ತಪ್ಪಿಸಿದ 6 ತಿಂಗಳೊಳಗೆ ಹೋದರೆ ವಿಶಿಷ್ಟ ಪರಿಹಾರ ಕಾಯ್ದೆಯ ಕಲಂ 6ರಡಿ ಮಾಲಕತ್ವದ ಚರ್ಚೆಯೇ ಇಲ್ಲದೆ ಕಬ್ಜಾ ಮರಳಿ ಕೇಳಬಹುದು. 12 ವರ್ಷ ಎದುರಾಳಿಯ ಕಬ್ಜಾ ರಾಜಾರೋಷವಾಗಿ ನಡೆದುಬಿಟ್ಟರೆ ಜಮೀನೇ ಕೈಬಿಡುವ ಅಪಾಯವಿದೆ. ಕಬ್ಜಾ ಸಾಬೀತು ಮಾಡಲು ಪ್ರತಿ ಹಂಗಾಮಿನ ಬೆಳೆ ನೋಂದಣಿ ನೆರವಾಗುತ್ತದೆ. 2021ರಿಂದ ಇ-ಪೀಕ ಪಾಹಣಿ ಆ್ಯಪಿನಲ್ಲಿ ರೈತರೇ ಅದನ್ನು ಮಾಡಬಹುದು, ದುಬೈಯಲ್ಲೋ ಪುಣೆಯಲ್ಲೋ ಇರುವ ಮಕ್ಕಳಿಗಾಗಿ ಹೊಲ ಕಾಯುತ್ತಿರುವ ಹಿರಿಯರು ಇದನ್ನು ತಪ್ಪಿಸಬಾರದು.

ಈ ಸೀಮೆಯ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಗಡಿ ವಿವಾದದ ಬಗೆಗಿನ 1967ರ ಮಹಾಜನ ವರದಿ ಅಕ್ಕಲಕೋಟವನ್ನು ಕರ್ನಾಟಕಕ್ಕೆ ಸೇರಿಸಲು ಹೇಳಿದರೂ ತಾಲ್ಲೂಕು ಮಹಾರಾಷ್ಟ್ರದಲ್ಲೇ ಉಳಿಯಿತು. ಮನೆಮಾತು ಕನ್ನಡ, ಕಾಗದಪತ್ರವೆಲ್ಲ ಮರಾಠಿ. ಪಂಚನಾಮೆಯಲ್ಲಿ ಏನು ಬರೆದಿದೆ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತಿದ ಹಿರಿಯರು ಎಷ್ಟೋ ಮಂದಿ. ಓದಿಸಿ ಕೇಳದೆ ಸಹಿ ಮಾಡಬೇಡಿ. ಸಂವಿಧಾನದ 350ನೇ ವಿಧಿಯಂತೆ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕಿದೆ. ಕನ್ನಡದಲ್ಲಿ ಬರೆದು ಮರಾಠಿ ಪ್ರತಿಯೊಂದನ್ನು ಜೊತೆಗೆ ಲಗತ್ತಿಸಿದರೆ ಕೆಲಸ ಬೇಗ ಆಗುತ್ತದೆ, ನಿಮ್ಮ ಮಾತು ನಿಮ್ಮ ಮಾತಾಗಿಯೇ ಫೈಲಿನಲ್ಲಿ ಉಳಿಯುತ್ತದೆ.

ಒತ್ತುವರಿಯಂತೆ ಕಂಡರೂ ಯಾರ ತಪ್ಪೂ ಇಲ್ಲದ ಪ್ರಕರಣಗಳೂ ಇವೆ. 1947ರ ಕಾಯ್ದೆಯಂತೆ ತುಂಡು ಜಮೀನುಗಳನ್ನು ಕೂಡಿಸಿ ಗಟ್ ನಂಬರ್ ಕೊಡುವಾಗ ಕೆಲವು ಊರುಗಳಲ್ಲಿ ಅಣ್ಣನ ಹೊಲ ತಮ್ಮನ ಹೆಸರಿಗೆ, ಇವರ ಹೊಲ ಅವರ ಹೆಸರಿಗೆ ಹೋಗಿವೆ. ಉಳುವುದು ಒಂದು, ಉತಾರದಲ್ಲಿ ಇರುವುದು ಇನ್ನೊಂದು. ಇಂಥವರಿಗಾಗಿ 2023ರ ಜನವರಿಯಲ್ಲಿ ‘ಸಲೋಖಾ’ ಯೋಜನೆ ಬಂತು. ಇಬ್ಬರ ಕಬ್ಜಾವೂ ಕನಿಷ್ಠ 12 ವರ್ಷದ್ದಾಗಿದ್ದು ಇಬ್ಬರೂ ಒಪ್ಪಿದರೆ, ತಲಾಠಿ ಪಂಚನಾಮೆಯ ಮೇಲೆ ಅದಲುಬದಲು ದಸ್ತ ನೋಂದಿಸಬಹುದು. ಮುದ್ರಾಂಕ 1,000 ರೂಪಾಯಿ, ನೋಂದಣಿ ಶುಲ್ಕ 1,000 ರೂಪಾಯಿ.